ಉಸುಕಿನಲ್ಲಿ ಕಳೆದ ಉಂಗುರ: ಗೋಕರ್ಣದ ದಂಡೆ, ಗಾಣಗಾಪುರದ ಸಂಗಮ

(ಕಲಬುರಗಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇವೆ.)

ಎಲ್ಲರಿಗೂ ಶರಣು. ನಿರಾಸೆಯ ಮಾತನ್ನು ಮೊದಲೇ ಹೇಳಿ ಮುಗಿಸುತ್ತೇವೆ. ಬಂಗಾರ ಹುಡುಕುವ ಯಂತ್ರ ಅಂತ ಯಾವುದೂ ಇಲ್ಲ. ಮೆಟಲ್ ಡಿಟೆಕ್ಟರ್‌ಗೆ ಬಂಗಾರವೂ ಗೊತ್ತಿಲ್ಲ, ಗುಟ್ಕಾ ಚೀಟಿಯ ಬೇಗಡೆಯೂ ಗೊತ್ತಿಲ್ಲ. ಕೋಲಿನ ತುದಿಯ ತಟ್ಟೆಯ, ಅಂದರೆ ಕಾಯಿಲ್‌ನ, ಕೆಳಗೆ ವಿದ್ಯುತ್ ಹರಿಯಬಲ್ಲ ವಸ್ತು ಇದೆಯೇ, ಇದ್ದರೆ ಆ ಹರಿವು ಎಷ್ಟು ಹೊತ್ತು ನಿಲ್ಲುತ್ತದೆ, ಇಷ್ಟೇ ಅದಕ್ಕೆ ತಿಳಿಯುವುದು. ಉಳಿದದ್ದೆಲ್ಲ ಹುಡುಕುವವರ ತಲೆಯ ಕೆಲಸ: ಎಲ್ಲಿ ಹುಡುಕಬೇಕು, ಯಾವ ಸದ್ದಿಗೆ ಅಗೆಯಬೇಕು, ಯಾವಾಗ ಬಿಡಬೇಕು.

ನಮ್ಮ ಕಡೆ ಈ ಯಂತ್ರದ ಹೆಸರೆತ್ತಿದರೆ ಸಾಕು, ಮಾತು ನಿಧಿಗೆ ಹೋಗುತ್ತದೆ. ಇವತ್ತು ನಿಧಿಯ ಮಾತಿಲ್ಲ. ನಿನ್ನೆ ಮೊನ್ನೆ ಕಳೆದ, ಯಾರದೆಂದು ಗೊತ್ತಿರುವ ಒಡವೆಯನ್ನು ಉಸುಕಿನಿಂದ ತೆಗೆದು ಅವರ ಕೈಗೇ ಕೊಡುವ ಕೆಲಸದ ಬಗ್ಗೆ ಮಾತ್ರ ಹೇಳುತ್ತೇವೆ. ಕಡಲು ಇಲ್ಲಿಂದ ನಾಲ್ಕೈದು ನೂರು ಕಿಲೋಮೀಟರ್ ದೂರವಿರಬಹುದು. ಆದರೆ ರಜೆ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿಯ ಗಾಡಿಗಳು ಗೋಕರ್ಣ, ಮುರ್ಡೇಶ್ವರದಲ್ಲಿ ನಿಂತಿರುತ್ತವೆ. ಅಷ್ಟು ದೂರ ಹೋಗದವರು ಗಾಣಗಾಪುರದಲ್ಲಿ ಭೀಮಾ–ಅಮರ್ಜಾ ಸಂಗಮದಲ್ಲಿ ಮುಳುಗು ಹಾಕುತ್ತಾರೆ, ಇಲ್ಲವೇ ಕೃಷ್ಣೆಯ ದಂಡೆಗೆ ಹೋಗುತ್ತಾರೆ. ಒಡವೆ ಕಳೆಯುವ ರೀತಿ ಎರಡೂ ಕಡೆ ಒಂದೇ. ನೆಲ ಮಾತ್ರ ಬೇರೆ, ಮತ್ತು ಪೂರ್ತಿ ಬೇರೆ. ಕಡಲಲ್ಲಿ ತೊಂದರೆ ಕೊಡುವುದು ಉಪ್ಪು, ನಮ್ಮಲ್ಲಿ ತೊಂದರೆ ಕೊಡುವುದು ಕಬ್ಬಿಣದ ಅಂಶ. ಕರಾವಳಿಯ ವಿಡಿಯೊ ನೋಡಿ ಯಂತ್ರ ಕೊಂಡವರು ಭೀಮಾ ತೀರದಲ್ಲಿ ಸೋಲುವುದು ಇದೇ ಕಾರಣಕ್ಕೆ.

ಯಂತ್ರದ ಕೆಲಸ ಹೀಗೆ. ಕಾಯಿಲ್‌ನೊಳಗೆ ಎರಡು ಸುರುಳಿಗಳಿವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಲೋಹದ ತುಂಡು ಆ ಕ್ಷೇತ್ರಕ್ಕೆ ಸಿಕ್ಕಾಗ ಅದರೊಳಗೆ ಸುಳಿ ವಿದ್ಯುತ್ ಹುಟ್ಟುತ್ತದೆ, ಆ ಸುಳಿಯೂ ತನ್ನದೊಂದು ಸಣ್ಣ ಕಾಂತಕ್ಷೇತ್ರ ಕೊಡುತ್ತದೆ. ಎರಡನೇ ಸುರುಳಿ ಕೇಳಿಸಿಕೊಳ್ಳುವುದು ಅದನ್ನು. ಕಳುಹಿಸಿದ್ದಕ್ಕೂ ಮರಳಿ ಬಂದದ್ದಕ್ಕೂ ನಡುವೆ ಎಷ್ಟು ತಡವಾಯಿತು ಎಂದು ಅಳೆದು ಪರದೆಯ ಮೇಲೆ ಒಂದು ಸಂಖ್ಯೆ ತೋರಿಸುತ್ತದೆ.

ಹೋಗುವ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ, ಮರಳುವುದೂ ಹಾಗೆಯೇ ಕುಗ್ಗುತ್ತದೆ. ಅಂದರೆ ಒಂದು ಆಳದಾಚೆ ವಸ್ತು ಎರಡು ಪಟ್ಟು ಕೆಳಗೆ ಹೋದರೆ ಸದ್ದು ಅರ್ಧವಾಗುವುದಲ್ಲ, ಹೆಚ್ಚುಕಮ್ಮಿ 64ರಲ್ಲಿ ಒಂದು ಪಾಲಾಗುತ್ತದೆ. 28 ಸೆಂಟಿಮೀಟರ್ ಕಾಯಿಲ್‌ಗೆ ಸಾಧಾರಣ ಉಂಗುರ ಶಾಂತ ನೆಲದಲ್ಲಿ 15ರಿಂದ 25 ಸೆಂಟಿಮೀಟರ್ ಆಳದವರೆಗೆ ಕೇಳಿಸುತ್ತದೆ. ಅದರಾಚೆ ಎಷ್ಟು ದುಡ್ಡು ಸುರಿದರೂ ಗಳಿಕೆ ಬೆರಳಗಲದ್ದು. ಎರಡು ಆಂಟೆನಾ ಕಡ್ಡಿ ಹಿಡಿದು "ಒಂದು ಕಿಲೋಮೀಟರ್ ದೂರದ ಬಂಗಾರ ತೋರಿಸ್ತದರಿ" ಎಂದು ಮಾರುವ ಸಾಧನವನ್ನು ಈ ಲೆಕ್ಕದ ಎದುರಿಗೆ ಇಟ್ಟು ನೋಡಿ. ಅದು ಮೋಸ. ಈ ಮೂರು ಜಿಲ್ಲೆಗಳಲ್ಲಿ ಹೊಲ ಮಾರಿ ಅಂಥದ್ದನ್ನು ಕೊಳ್ಳುವ ಆಸೆ ಯಾರಿಗೂ ಬಾರದಿರಲಿ.

ಒಡವೆ ಹೇಗಿದೆ ಎಂಬುದರ ಮೇಲೆ ಸದ್ದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೊಸಬರು ಎಡವುವುದೇ ಇಲ್ಲಿ. ಸುಳಿ ವಿದ್ಯುತ್ತಿಗೆ ಬೇಕಾದದ್ದು ತೂಕಕ್ಕಿಂತ ಹೆಚ್ಚಾಗಿ ಮುಚ್ಚಿದ ದಾರಿ. ನಾಲ್ಕು ಗ್ರಾಂ ಉಂಗುರ ಒಂದು ಪೂರ್ತಿ ಬಳಸು, ಅದರ ಸುತ್ತ ವಿದ್ಯುತ್ ತಡೆಯಿಲ್ಲದೆ ಸುತ್ತುತ್ತದೆ, ಸದ್ದು ದುಂಡಗೆ ಗಟ್ಟಿಯಾಗಿ ಬರುತ್ತದೆ. ಎರಡು ತೊಲೆಯ ಸರಕ್ಕೆ ಅಂಥ ದಾರಿ ಇಲ್ಲ. ಕೊಂಡಿಗೂ ಕೊಂಡಿಗೂ ನಡುವಿನ ತಾಗುವಿಕೆ ಸಡಿಲ, ಹಾಗಾಗಿ ಯಂತ್ರದ ಪಾಲಿಗೆ ಅದು ಸರವಲ್ಲ, ನೂರಾರು ಸಣ್ಣ ಚೂರು. ತೂಕ ಐದು ಪಟ್ಟಿದ್ದರೂ ಸರವನ್ನು ಹುಡುಕುವುದು ಉಂಗುರಕ್ಕಿಂತ ಕಷ್ಟ. ಕೆಲವು ಸಲ ಕೊಕ್ಕೆಯೊಂದೇ ಕೇಳಿಸುತ್ತದೆ. ಮಾಂಗಲ್ಯ ಸರವಾದರೆ ತಾಳಿಯ ಬಟ್ಟಲುಗಳ ಸದ್ದನ್ನೇ ಹುಡುಕಬೇಕು, ಕರಿಮಣಿಗೆ ಸದ್ದೇ ಇಲ್ಲ. ಬೋರಮಾಳದ ಮಣಿಗಳು ತೆಳು ತಗಡಿನವು, ಟೊಳ್ಳು. ದಾರ ಹರಿದು ಚದುರಿದ್ದರೆ ಒಂದೊಂದು ಮಣಿಯೂ ಬೇರೆ ಬೇರೆ ಹುಡುಕಾಟ.

ಬೆಳ್ಳಿ ಕಾಲುಂಗುರವನ್ನು ಈಗ ಇಲ್ಲೇ ನೋಡಿ. ಈ ಸಭಾಂಗಣದ ನೆಲದಲ್ಲಿ ಕಬ್ಬಿಣದ ಸರಳುಗಳಿವೆ, ಅದಕ್ಕೇ ಉಸುಕಿನ ಟಬ್ಬನ್ನು ಎರಡು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಇಟ್ಟಿದ್ದೇವೆ. ಕಾಲುಂಗುರದ ಎರಡು ತುದಿಗಳ ನಡುವೆ ಬೆರಳಿಗೆ ಹೊಂದಿಸಲೆಂದು ಬಿಟ್ಟ ಸೀಳಿದೆ. ಉಸುಕಿನಲ್ಲಿ ನಾಲ್ಕು ಬೆರಳು ಆಳದಲ್ಲಿ ಹೂತು ಕಾಯಿಲ್ ಆಡಿಸಿದರೆ ಸದ್ದು ಒಡಕು, ಸಂಖ್ಯೆ ಒಂದು ಸಲ ಹಿಂದೆ ಒಂದು ಸಲ ಮುಂದೆ. ಈಗ ಅದನ್ನೇ ತೆಗೆದು ತುದಿಗಳನ್ನು ಒತ್ತಿ ಒಂದಕ್ಕೊಂದು ಚೆನ್ನಾಗಿ ತಾಗಿಸಿ ಮತ್ತೆ ಅದೇ ಆಳಕ್ಕೆ ಇಟ್ಟಿದ್ದೇವೆ. ಕೇಳಿದಿರಲ್ಲ, ಸದ್ದು ಒಮ್ಮೆಲೆ ತುಂಬಿಕೊಂಡಿತು. ಬೆಳ್ಳಿ ಅದೇ, ತೂಕ ಅದೇ, ದಾರಿ ಮಾತ್ರ ಮುಚ್ಚಿತು. ಕಾಲುಂಗುರ ಹುಡುಕುವಾಗ "ಬೆಳ್ಳಿ ಎಂದರೆ ದೊಡ್ಡ ಸಂಖ್ಯೆ" ಎಂಬ ಪುಸ್ತಕದ ಮಾತು ನಂಬಿದರೆ ಅದರ ಮೇಲೇ ಕಾಯಿಲ್ ಆಡಿಸಿ ಮುಂದೆ ಹೋಗುತ್ತೀರಿ.

ಮೂಗುಬೊಟ್ಟಿನ ವಿಷಯ ಬೇಗ ಮುಗಿಸಬಹುದು. ಮೂರು ನಾಲ್ಕು ಸೆಂಟಿಮೀಟರ್‌ಗಿಂತ ಕೆಳಗೆ ಇಳಿದಿದ್ದರೆ ಯಂತ್ರ ಬಿಟ್ಟು ಸಾಣಿಗಿ ಹಿಡಿಯಿರಿ. ಬಂಗಾರದ ಬಳೆ ಕಳೆದಿದ್ದರೆ ನಿಮ್ಮ ಪುಣ್ಯ, ಅದು ಎಲ್ಲಕ್ಕಿಂತ ಸುಲಭ. ಬಿದ್ರಿ ಕೆಲಸದ ಪದಕ ಕಳೆದರೂ ಸಿಗುತ್ತದೆ. ಅದರ ಮೈ ಸತುವು–ತಾಮ್ರದ ಮಿಶ್ರಲೋಹ, ಸದ್ದು ಚೆನ್ನಾಗಿ ಬರುತ್ತದೆ. ಕಪ್ಪು ಬಣ್ಣದಿಂದಾಗಿ ಅಗೆದ ಮಣ್ಣಿನಲ್ಲಿ ಕಣ್ಣಿಗೆ ಬೀಳಲು ಮಾತ್ರ ತಡವಾಗುತ್ತದೆ.

ಪರದೆಯ ಸಂಖ್ಯೆಯನ್ನು ಎಷ್ಟು ನಂಬಬೇಕು? ಮಿನೆಲ್ಯಾಬ್ ಕಂಪನಿಯ ಎಕ್ವಿನಾಕ್ಸ್ 800 ಎಂಬ ಯಂತ್ರದ ಅಳತೆ −9ರಿಂದ 40ರವರೆಗೆ. ಕಬ್ಬಿಣ ಸೊನ್ನೆಯ ಕೆಳಗೆ, ದಪ್ಪ ಬೆಳ್ಳಿ ಮೇಲಿನ ತುದಿಗೆ. ಬಂಗಾರದ ಉಂಗುರ ತೆಳ್ಳಗಿದ್ದರೆ ಒಂದಂಕಿಯಲ್ಲಿ, ದಪ್ಪಗಿದ್ದರೆ ಹತ್ತರ ಮೇಲೆ ಇಪ್ಪತ್ತರ ಆಸುಪಾಸಿನವರೆಗೆ ಎಲ್ಲಿ ಬೇಕಾದರೂ ನಿಲ್ಲಬಹುದು. ತೊಂದರೆ ಏನೆಂದರೆ ಗುಟ್ಕಾ ಚೀಟಿ, ಗುಳಿಗೆಯ ಪಟ್ಟಿ, ತಂಪು ಪಾನೀಯದ ಡಬ್ಬಿಯ ಕಿವಿ, ಹಳೆಯ ಅಲ್ಯುಮಿನಿಯಂ ಪೈಸೆಗಳು ಎಲ್ಲವೂ ಇದೇ ಬಿಡಾರದಲ್ಲಿವೆ. ಕಸ ಬೇಡವೆಂದು ಆ ಸಂಖ್ಯೆಗಳನ್ನು ಮುಚ್ಚಿಹಾಕಿದರೆ ಉಂಗುರವನ್ನೂ ಮುಚ್ಚಿಹಾಕಿದಂತೆ. ಒಡವೆ ಹುಡುಕುವವರು ಕಬ್ಬಿಣವಲ್ಲದ ಪ್ರತಿ ಸದ್ದನ್ನೂ ಅಗೆಯಬೇಕು, ಇದಕ್ಕೆ ಅಡ್ಡದಾರಿ ಇಲ್ಲ. ಒಂದು ಉಪಾಯವಿದೆ. ಕಳೆದದ್ದರಂಥದೇ ಉಂಗುರ ಮನೆಯಲ್ಲಿ ಇನ್ನೊಂದಿರುತ್ತದೆ, ಗಂಡನದೋ ಅಕ್ಕನದೋ. ಅದಕ್ಕೆ ಉದ್ದನೆ ದಾರ ಕಟ್ಟಿ ಅದೇ ಉಸುಕಿನಲ್ಲಿ ಹತ್ತು ಸೆಂಟಿಮೀಟರ್ ಹೂತು ಸದ್ದನ್ನೂ ಸಂಖ್ಯೆಯನ್ನೂ ಕಿವಿಗೆ ರೂಢಿ ಮಾಡಿಕೊಳ್ಳಿ. ದಾರ ಕಟ್ಟುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಎರಡು ಉಂಗುರ ಹುಡುಕಬೇಕಾದೀತು.

ಉಪ್ಪಿನ ನೆಲ, ಕಬ್ಬಿಣದ ನೆಲ

ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದೆ. ಆ ನೀರು ಹೀರಿದ ಉಸುಕೇ ವಿದ್ಯುತ್ ಹರಿಸುತ್ತದೆ. ಒಂದೇ ಆವರ್ತನದ ಸಾಧಾರಣ ವಿಎಲ್‌ಎಫ್ (ಅತಿ ಕಡಿಮೆ ಆವರ್ತನದ) ಯಂತ್ರ ಒಣ ಉಸುಕಿನಲ್ಲಿ ಸುಮ್ಮನಿದ್ದದ್ದು ಅಲೆ ತಾಗುವ ಗೆರೆ ದಾಟುತ್ತಲೇ ಬಡಬಡಿಸಲು ಶುರುಮಾಡುತ್ತದೆ. ಉಪ್ಪು ನೀರಿನ ಸದ್ದು ತೆಳು ಬಂಗಾರದ ಸದ್ದಿನ ಪಕ್ಕದಲ್ಲೇ ಬೀಳುತ್ತದೆ. ಉಪ್ಪನ್ನು ತಳ್ಳಿಹಾಕಿದರೆ ತೆಳು ಸರವೂ ಅದರ ಜೊತೆ ಹೋಗುತ್ತದೆ. ಅದಕ್ಕೇ ಒದ್ದೆ ದಂಡೆಗೆ ಎರಡೇ ಜಾತಿಯ ಯಂತ್ರ ಸರಿ. ಒಂದು, ಹಲವು ಆವರ್ತನಗಳನ್ನು ಒಟ್ಟಿಗೆ ಬಳಸುವುದು: ಎಕ್ವಿನಾಕ್ಸ್, ನೋಕ್ಟಾ ಲೆಜೆಂಡ್, ಎಕ್ಸ್‌ಪಿ ಡಿಯಸ್ 2 ಈ ಗುಂಪಿನವು. ಇನ್ನೊಂದು ಪಲ್ಸ್ ಇಂಡಕ್ಷನ್. ಅದು ಕ್ಷೇತ್ರವನ್ನು ಥಟ್ಟನೆ ನಿಲ್ಲಿಸಿ, ಹತ್ತು ಹದಿನೈದು ಮೈಕ್ರೋಸೆಕೆಂಡ್ ಕಾದು, ಆಮೇಲೆ ಉಳಿದ ಸದ್ದನ್ನು ಕೇಳುತ್ತದೆ. ಉಪ್ಪು ನೀರಿನ ಸದ್ದು ಅಷ್ಟರಲ್ಲಿ ಸತ್ತಿರುತ್ತದೆ. ಆಳವೂ ಹೆಚ್ಚು. ಆದರೆ ಕಬ್ಬಿಣ, ಬಂಗಾರ ಎಂದು ಬೇರೆ ಮಾಡಿ ಹೇಳುವ ಶಕ್ತಿ ಅದಕ್ಕೆ ಇಲ್ಲವೆಂದೇ ಹೇಳಬೇಕು. ಕೂದಲ ಪಿನ್ನಿಗೂ ಅಷ್ಟೇ ಜೋರು ಕೂಗುತ್ತದೆ.

ಇನ್ನು ನಮ್ಮ ನೆಲ. ಭೀಮೆಯೂ ಕೃಷ್ಣೆಯೂ ಸಹ್ಯಾದ್ರಿಯಲ್ಲಿ ಹುಟ್ಟಿ ದಖ್ಖನಿನ ಕಪ್ಪುಕಲ್ಲಿನ ಮೇಲೆ ಹರಿದು ಬರುತ್ತವೆ. ಆ ಕಲ್ಲು ಸವೆದಾಗ ಬರುವ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಖನಿಜ ಉಸುಕಿನಲ್ಲಿ ಕಪ್ಪು ಗೆರೆಗಳಾಗಿ ಕೂರುತ್ತದೆ. ಹಳೆಯ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಒಣ ಉಸುಕಿನಲ್ಲಿ ಒಂದು ಮಾರು ಎಳೆಯಿರಿ. ಚೀಲದ ಮೇಲೆ ಕಪ್ಪು ರೋಮದಂತೆ ಎದ್ದು ನಿಲ್ಲುವುದೇ ಅದು. ಹೆಚ್ಚು ಅಂಟಿದಷ್ಟೂ ಆಳ ಕಡಿಮೆ, ಕೆಲವು ಕಡೆ ಅರ್ಧಕ್ಕೆ ಇಳಿಯುತ್ತದೆ. ಶಹಾಬಾದ್, ಸೇಡಂ ಕಡೆಯ ಸುಣ್ಣಕಲ್ಲಿನ ಹಳ್ಳಗಳಲ್ಲಿ ಈ ಕಾಟ ಕಡಿಮೆ. ಎಲ್ಲಕ್ಕಿಂತ ಕಠಿಣ ಬೀದರ್. ಕೋಟೆ ಕಟ್ಟಿದ ಆ ಕೆಂಪು ಜಂಬಿಟ್ಟಿಗೆ ಕಲ್ಲು ಕಬ್ಬಿಣದ ಆಕ್ಸೈಡಿನ ಗಣಿ. ಅದರ ಹರಳುಗಳು ಒಂದೊಂದೂ ಲೋಹದಂತೆ ಸದ್ದು ಕೊಡಬಲ್ಲವು. ಅದರೊಳಗಿನ ಅತಿ ಸಣ್ಣ ಕಾಂತೀಯ ಕಣಗಳು ಕ್ಷೇತ್ರ ನಿಂತ ಮೇಲೂ ಒಂದಿಷ್ಟು ಹೊತ್ತು ಮಿಡಿಯುವುದರಿಂದ ಪಲ್ಸ್ ಇಂಡಕ್ಷನ್ ಕೂಡ ಅಲ್ಲಿ ಮೋಸ ಹೋಗುತ್ತದೆ. ಬೀದರಿನ ಝರಣಿ ನರಸಿಂಹ ಗುಹೆಯಲ್ಲಿ ಸೊಂಟಮಟ್ಟದ ನೀರಲ್ಲಿ ನಡೆದು ಹೋಗುವವರ ಒಡವೆ ಬಿದ್ದರೆ ಇಕ್ಕಟ್ಟು, ಕೆಂಪುಕಲ್ಲು, ಜನಸಂದಣಿ ಮೂರೂ ಸೇರುತ್ತವೆ. ಅಲ್ಲಿ ಯಂತ್ರದ ಆಸೆ ಬಿಟ್ಟು, ದೇವಸ್ಥಾನದವರಿಗೆ ತಿಳಿಸಿ, ಜನರಿಲ್ಲದ ಹೊತ್ತಿನಲ್ಲಿ ಕಾಲಿನಿಂದ ತಡಕುವುದೇ ಮೇಲು.

ಈ ನೆಲಕ್ಕೆ ಮದ್ದು ಗ್ರೌಂಡ್ ಬ್ಯಾಲೆನ್ಸ್, ಅಂದರೆ ನೆಲದ ಸದ್ದನ್ನು ಲೆಕ್ಕಕ್ಕೆ ಹಿಡಿಯದಂತೆ ಯಂತ್ರವನ್ನು ಹೊಂದಿಸುವುದು. ಲೋಹವಿಲ್ಲದ ಜಾಗ ನೋಡಿ ಕಾಯಿಲನ್ನು ನೆಲಕ್ಕೆ ಐದು ಸೆಂಟಿಮೀಟರ್‌ನಿಂದ ಇಪ್ಪತ್ತು ಸೆಂಟಿಮೀಟರ್‌ವರೆಗೆ ಏಳೆಂಟು ಸಲ ಏರಿಸಿ ಇಳಿಸಿ. ಇಳಿಸಿದಾಗ ಸದ್ದು ಏಳದೆ ಸಮನಾಗಿ ನಿಂತರೆ ಹೊಂದಿತು ಎಂದರ್ಥ. ಒಂದು ಸಲ ಮಾಡಿ ದಿನವೆಲ್ಲ ನಡೆಯುವಂತಿಲ್ಲ. ಕಪ್ಪು ಗೆರೆ ದಾಟಿದಾಗ, ಒಣ ಉಸುಕಿನಿಂದ ಒದ್ದೆಗೆ ಇಳಿದಾಗ, ಎರೆಮಣ್ಣಿನ ಅಂಚಿಗೆ ಬಂದಾಗ ಮತ್ತೆ ಮಾಡಬೇಕು. ಸೆನ್ಸಿಟಿವಿಟಿಯನ್ನು ತುದಿಗೆ ಏರಿಸುವುದು ಇನ್ನೊಂದು ತಪ್ಪು. ಬಡಬಡಿಕೆ ನಿಲ್ಲುವವರೆಗೆ ಇಳಿಸಿ. ಎರಡು ಸೆಂಟಿಮೀಟರ್ ಆಳ ಕಳೆದುಕೊಂಡರೂ ಸರಿ, ಕಿವಿಗೆ ಗೊಂದಲವಿರಬಾರದು. ಘಾಟಿನ ಹತ್ತಿರ ತಾತ್ಕಾಲಿಕ ಲೈಟಿನ ವೈರು ಎಳೆದಿದ್ದರೆ ಅದೂ ಸದ್ದು ಹಾಕುತ್ತದೆ. ಆವರ್ತನ ಬದಲಿಸಿ ನೋಡಿ. ಕಿಸೆಯಲ್ಲಿನ ಮೊಬೈಲನ್ನು ಜೊತೆಯವರ ಕೈಗೆ ಕೊಡಿ.

ಸಂಗಮದಂಥ ಜಾಗಕ್ಕೆ ನಮ್ಮ ಆಯ್ಕೆ ಹಲವು ಆವರ್ತನದ ಯಂತ್ರ, ಜೊತೆಗೆ 15 ಸೆಂಟಿಮೀಟರ್‌ನ ಸಣ್ಣ ಕಾಯಿಲ್. ಪಲ್ಸ್ ಇಂಡಕ್ಷನ್ ಅಲ್ಲಿ ಹುಚ್ಚು ಹಿಡಿಸುತ್ತದೆ. ಬ್ಲೇಡು, ಸೇಫ್ಟಿ ಪಿನ್ನು, ಮೊಳೆ, ನದಿಗೆ ಎಸೆದ ನಾಣ್ಯ, ಒಂದೊಂದು ಹೆಜ್ಜೆಗೂ ಹತ್ತು. ಈಗಿನ ಒಂದು, ಎರಡು ರೂಪಾಯಿ ನಾಣ್ಯಗಳು ಅಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಸ್ಟೀಲಿನವು. ಅವುಗಳ ಸದ್ದು ಕಬ್ಬಿಣಕ್ಕೂ ಒಳ್ಳೆಯ ಲೋಹಕ್ಕೂ ನಡುವೆ ಜೋಲಿ ಹೊಡೆಯುತ್ತದೆ. ಸಣ್ಣ ಕಾಯಿಲ್ ಆದರೆ ನಾಣ್ಯದ ಪಕ್ಕದ ಉಂಗುರವನ್ನು ಬೇರೆ ಮಾಡಿ ಕೇಳಬಹುದು. ಜಾಗ ಚಿಕ್ಕದಿದ್ದರೆ ಮೊದಲು ಅಯಸ್ಕಾಂತದಿಂದ ಮೇಲ್ಪದರದ ಕಬ್ಬಿಣ ಎತ್ತಿ ಹಾಕಿ, ಆಮೇಲೆ ಯಂತ್ರ ಆಡಿಸಿ. ಬಂಗಾರ, ಬೆಳ್ಳಿ ಅಯಸ್ಕಾಂತಕ್ಕೆ ಬರುವುದಿಲ್ಲ. ನೀರಿಗೆ ಅಯಸ್ಕಾಂತ ಎಸೆದು ಉಂಗುರ ಹುಡುಕುವವರನ್ನು ಕಂಡರೆ ದಯವಿಟ್ಟು ತಿಳಿಹೇಳಿ.

ಕಾಂಕ್ರೀಟ್ ಮೆಟ್ಟಿಲಿನ ಮೇಲೆ ಕಾಯಿಲ್ ಕೆಲಸಕ್ಕೆ ಬಾರದು, ಒಳಗಿನ ಸರಳು ಎಲ್ಲವನ್ನೂ ನುಂಗುತ್ತದೆ. ಅಲ್ಲಿ ಕೈಬೆರಳಿನಷ್ಟು ಅಳತೆಯಲ್ಲಿ ಕೇಳುವ ಪಿನ್‌ಪಾಯಿಂಟರ್ ಹಿಡಿದು ಸಂದುಗಳನ್ನು ಒಂದೊಂದಾಗಿ ನೋಡಬೇಕು. ನೀರಿಗೆ ತಡೆಯುವಂಥದ್ದೇ ಇರಲಿ. ಗ್ಯಾರೆಟ್ ಕಂಪನಿಯ ಕಿತ್ತಳೆ ಬಣ್ಣದ ಪಿನ್‌ಪಾಯಿಂಟರ್ ಆರು ಮೀಟರ್ ನೀರಿನವರೆಗೆ ತಾಳುತ್ತದೆ.

ಎಲ್ಲಿ, ಯಾವಾಗ, ಹೇಗೆ

ಯಂತ್ರ ಆನ್ ಮಾಡುವ ಮೊದಲು ಕಳೆದುಕೊಂಡವರ ಜೊತೆ ಹತ್ತು ನಿಮಿಷ ಕೂತು ಮಾತಾಡಿ. "ಇಲ್ಲೇ ಎಲ್ಲೋ ಬಿದ್ದದರಿ" ಎನ್ನುತ್ತಾರೆ. ಆ "ಎಲ್ಲೋ" ಎಂಬುದನ್ನು ಹತ್ತು ಮೀಟರಿಗೆ ಇಳಿಸುವುದೇ ಅರ್ಧ ಕೆಲಸ. ಬೆರಳಲ್ಲಿ ಉಂಗುರ ಇದ್ದದ್ದು ಕೊನೆಗೆ ಕಂಡದ್ದು ಯಾವಾಗ? ಆ ಹೊತ್ತಿನ ಫೋಟೊ ಇದೆಯೇ? ಮೊಬೈಲಿನ ಫೋಟೊಗೆ ಸಮಯವೂ ಬಿದ್ದಿರುತ್ತದೆ, ಕೈಯೂ ಕಾಣುತ್ತದೆ. ಆಗ ನೀರು ಎಲ್ಲಿಯವರೆಗೆ ಇತ್ತು? ಆಮೇಲೆ ಯಾರಾದರೂ ಸಲಿಕೆ ಹಾಕಿದರೇ? ತಣ್ಣೀರಲ್ಲಿ ಬೆರಳು ಸಣ್ಣಗಾಗುತ್ತದೆ, ಮೈಗೆ ಎಣ್ಣೆ ಹಚ್ಚಿದ್ದರೆ ಉಂಗುರ ಇನ್ನೂ ಸಲೀಸು ಜಾರುತ್ತದೆ. ಸ್ನಾನಘಟ್ಟದಲ್ಲಿ ಮುಳುಗಿದ ಜಾಗಕ್ಕಿಂತ ಸೀರೆ ಹಿಂಡಿದ ಜಾಗ, ಬಟ್ಟೆ ಕೊಡವಿದ ಜಾಗ ಮೊದಲು ನೋಡಿ. ಕಡಲಲ್ಲಾದರೆ ಟವೆಲ್ ಹಾಸಿದ್ದ ಜಾಗ, ಮಕ್ಕಳನ್ನು ಎತ್ತಿ ಆಡಿಸಿದ ಮೊಣಕಾಲು ನೀರು.

ಕಳೆದ ಕೂಡಲೇ ಮಾಡಬೇಕಾದದ್ದನ್ನು ನಿಮ್ಮ ಮನೆಯವರಿಗೂ ಹೇಳಿಡಿ. ನಿಂತಲ್ಲೇ ನಿಲ್ಲಿ, ಗುರುತಿಗೆ ಕೋಲು ನೆಡಿ. ನೀರಲ್ಲಿದ್ದರೆ ದಂಡೆಯ ಮೇಲಿನ ಎರಡು ವಸ್ತು, ಒಂದು ಹತ್ತಿರದ್ದು ಒಂದು ದೂರದ್ದು, ಒಂದೇ ಗೆರೆಗೆ ಬರುವುದನ್ನು ನೋಡಿಟ್ಟುಕೊಳ್ಳಿ. ಬೇರೆ ದಿಕ್ಕಿನಲ್ಲೂ ಅಂಥ ಇನ್ನೊಂದು ಜೋಡಿ ಹಿಡಿಯಿರಿ. ಎರಡು ಗೆರೆ ಕೂಡುವ ಬಿಂದು ಮೊಬೈಲಿನ ಜಿಪಿಎಸ್‌ಗಿಂತ ನಿಖರ. ಜಿಪಿಎಸ್ ಮೂರರಿಂದ ಐದು ಮೀಟರ್ ಆಚೀಚೆ ಆಗುತ್ತದೆ. ಹತ್ತು ಜನ ಸೇರಿ ಕಾಲಿನಿಂದ ಕೆದಕುವುದು ಎಲ್ಲಕ್ಕಿಂತ ದೊಡ್ಡ ಹಾನಿ. 22 ಕ್ಯಾರೆಟ್ ಬಂಗಾರ ನೀರಿಗಿಂತ ಸುಮಾರು 17–18 ಪಟ್ಟು ಭಾರ, ಉಸುಕಿನ ಕಾಳು ಎರಡೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು. ಮೊರದಲ್ಲಿ ಜೋಳ ಹಸನು ಮಾಡುವಾಗ ಕಲ್ಲು ಕೆಳಗುಳಿಯುವಂತೆ, ಕದಡಿದಷ್ಟೂ ಉಂಗುರ ಕೆಳಗಿಳಿಯುತ್ತದೆ. ಗಟ್ಟಿ ಪದರ ಸಿಗುವವರೆಗೆ ಇಳಿದು ಅಲ್ಲಿ ನಿಲ್ಲುತ್ತದೆ.

ಕಡಲಲ್ಲಿ ಹೊತ್ತು ನೋಡಿಕೊಳ್ಳಬೇಕು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಏರಿಳಿತ ಸಾಧಾರಣವಾಗಿ ಒಂದರಿಂದ ಎರಡು ಮೀಟರ್, ಪ್ರತಿದಿನ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಇಳಿತ ಎಲ್ಲಕ್ಕಿಂತ ಕೆಳಗೆ ಹೋಗುವುದರಿಂದ ಮೊನ್ನೆ ಎದೆಮಟ್ಟ ನೀರಿದ್ದ ಜಾಗದಲ್ಲಿ ಸೊಂಟಮಟ್ಟದಲ್ಲೇ ನಡೆದಾಡಬಹುದು. ಇಳಿತಕ್ಕೆ ಎರಡು ತಾಸು ಮೊದಲು ದಂಡೆಗೆ ಹೋಗಿ, ನೀರಿನ ಹಿಂದೆ ಹಿಂದೆ ಇಳಿಯಿರಿ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಅಲೆಗಳು ದಂಡೆಯ ಉಸುಕನ್ನು ಒಳಗೆ ಎಳೆದೊಯ್ಯುತ್ತವೆ, ಮಳೆಗಾಲದ ನಂತರ ಮೆಲ್ಲಗೆ ತಂದು ಹಾಕುತ್ತವೆ. ಹಾಗಾಗಿ ನವೆಂಬರಿನಲ್ಲಿ ಕಳೆದ ಉಂಗುರವನ್ನು ಜನವರಿಗೆ ಹುಡುಕಲು ಹೋದರೆ ಅದರ ಮೇಲೆ ಹೊಸ ಉಸುಕು ಕೂತಿರುತ್ತದೆ. ಯಂತ್ರ ಮುಟ್ಟದ ಆಳವೂ ಆಗಿರಬಹುದು.

ಭೀಮೆಗೆ ಭರತ–ಇಳಿತವಿಲ್ಲ, ಅಣೆಕಟ್ಟುಗಳಿವೆ. ಮೇಲೆ ಉಜನಿಯಿಂದ ನೀರು ಬಿಟ್ಟರೆ, ಸೊನ್ನ ಬ್ಯಾರೇಜಿನ ಗೇಟು ಎತ್ತಿದರೆ ನೀವು ನಿಂತ ಉಸುಕಿನ ದಿಬ್ಬ ಮುಳುಗುತ್ತದೆ. ಹೋಗುವ ದಿನ ಬೆಳಿಗ್ಗೆ ವಿಚಾರಿಸಿಕೊಂಡೇ ಹೋಗಿ. ಬೇಸಿಗೆಯಲ್ಲಿ ನದಿ ಸಣ್ಣಗಾದಾಗ ಕೆಲಸ ಸುಲಭ. ಅಕ್ಟೋಬರ್ 2020ರಲ್ಲಿ ಬಂದಂಥ ಪ್ರವಾಹ ನದಿತಳದ ಉಸುಕನ್ನೇ ಮಗುಚಿಹಾಕುತ್ತದೆ. ಅಂಥದ್ದು ಬಂದು ಹೋದ ಮೇಲೆ ಹಳೆಯ ಗುರುತು ನಂಬಿ ಅಗೆಯುವುದು ವ್ಯರ್ಥ. ಉಸುಕು ಎತ್ತಿದ ಗುಂಡಿಗಳು ನೀರಿನಡಿ ಕಾಣುವುದಿಲ್ಲ, ಮೊಣಕಾಲು ನೀರಿನಿಂದ ಒಂದೇ ಹೆಜ್ಜೆಗೆ ತಲೆ ಮುಳುಗುವ ಆಳ ಸಿಕ್ಕೀತು. ಕೋಲಿನಿಂದ ಮುಂದೆ ತಡಕದೆ ಕಾಲಿಡಬೇಡಿ, ಸೊಂಟದ ಮೇಲಿನ ನೀರಿಗೆ ಹೋಗಬೇಡಿ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಊರವರು ಬೇಡವೆಂದ ಮಡುವಿಗೆ ಇಳಿಯಲೇಬಾರದು. ಉಂಗುರ ಎಷ್ಟು ತೊಲೆಯದೇ ಆಗಿರಲಿ.

ಈಗ ಆಡಿಸುವ ರೀತಿ. ಹತ್ತು ಮೀಟರ್ ಚೌಕ ಅಳೆದು ನಾಲ್ಕು ಗೂಟ ನೆಟ್ಟು, ಒಂದೊಂದು ಮೀಟರಿಗೆ ದಾರ ಎಳೆಯಿರಿ. ಗೂಟ ಮರದ್ದಿರಲಿ, ಕಬ್ಬಿಣದ್ದು ಬೇಡ. ಕಾಯಿಲ್ ನೆಲಕ್ಕೆ ಸಮಾನಾಂತರವಾಗಿ ಎರಡು ಬೆರಳು ಮೇಲೆ ಸಾಗಬೇಕು. ತುದಿಯಲ್ಲಿ ಮೇಲಕ್ಕೆ ತೂಗಿದರೆ ಅಲ್ಲೆಲ್ಲ ಹುಡುಕದ ಪಟ್ಟಿ ಉಳಿಯುತ್ತದೆ. ಒಂದು ಬೀಸಿಗೆ ಒಂದೂವರೆ ಸೆಕೆಂಡ್. ಪ್ರತಿ ಬೀಸು ಹಿಂದಿನದರ ಅರ್ಧವನ್ನು ಮುಚ್ಚಬೇಕು. 28 ಸೆಂಟಿಮೀಟರ್ ಕಾಯಿಲ್ ಆದರೆ ಬೀಸಿಗೆ 14 ಸೆಂಟಿಮೀಟರ್ ಮುಂದಕ್ಕೆ, ಹತ್ತು ಮೀಟರಿಗೆ ಎಪ್ಪತ್ತು ಚಿಲ್ಲರೆ ಬೀಸು, ಎರಡು ನಿಮಿಷದೊಳಗೆ ಒಂದು ಪಟ್ಟಿ. ಹತ್ತು ಪಟ್ಟಿಗೆ ಅಗೆತ ಬಿಟ್ಟು ಸುಮಾರು 18 ನಿಮಿಷ. ಹತ್ತು ನಿಮಿಷದಲ್ಲಿ ಇಡೀ ದಂಡೆ ನೋಡಿಬಿಟ್ಟೆವು ಎನ್ನುವವರು ನಡೆದಾಡಿ ಬಂದಿರುತ್ತಾರೆ, ಅಷ್ಟೇ. ಉತ್ತರ–ದಕ್ಷಿಣ ಮುಗಿದ ಮೇಲೆ ಅದೇ ಚೌಕವನ್ನು ಪೂರ್ವ–ಪಶ್ಚಿಮವಾಗಿ ಮತ್ತೆ ನೋಡಿ. ಮೊಳೆಯ ಪಕ್ಕದಲ್ಲಿ ಬಿದ್ದ ಉಂಗುರ ಒಂದು ದಿಕ್ಕಿನಿಂದ ಕೇಳಿಸದೆ ಇನ್ನೊಂದು ದಿಕ್ಕಿನಿಂದ ಕೇಳಿಸುವುದು ಸಾಮಾನ್ಯ.

ಸದ್ದು ಸಿಕ್ಕಿತು. ಕಾಯಿಲನ್ನು ಅಡ್ಡ ಒಮ್ಮೆ, ಉದ್ದ ಒಮ್ಮೆ ಆಡಿಸಿ ನಡುಬಿಂದು ಗುರುತಿಸಿ. ಅದರ ಒಂದು ಗೇಣು ಹಿಂದಿನಿಂದ ಸ್ಕೂಪ್, ಅಂದರೆ ಉಸುಕು ಸೋರುವ ತೂತಿನ ಸಲಿಕೆ, ಇಳಿಸಿ, ನೆತ್ತಿಯ ಮೇಲೆ ಅಲ್ಲ. ನೇರ ಚುಚ್ಚಿದರೆ ಉಂಗುರ ಸೊಟ್ಟಗಾಗುತ್ತದೆ, ಹರಳಿದ್ದರೆ ಒಡೆಯುತ್ತದೆ. ತೆಗೆದ ಉಸುಕನ್ನು ಪಕ್ಕಕ್ಕೆ ಹಾಕಿ ಮೊದಲು ಗುಂಡಿಯ ಮೇಲೆ ಮತ್ತೆ ಕಾಯಿಲ್ ಆಡಿಸಿ. ಸದ್ದು ಗುಂಡಿಯಲ್ಲೇ ಇದ್ದರೆ ಇನ್ನೊಂದು ಸ್ಕೂಪ್, ಇಲ್ಲದಿದ್ದರೆ ರಾಶಿಯಲ್ಲಿ ಹುಡುಕಿ. ಸ್ಕೂಪನ್ನು ಹೊರಗಿಂದ ತರಿಸಬೇಕೆಂದೇನಿಲ್ಲ. ಎರಡು ಮಿಲಿಮೀಟರ್ ಸ್ಟೇನ್‌ಲೆಸ್ ತಗಡು ಕೊಟ್ಟರೆ ಯಾವ ವೆಲ್ಡಿಂಗ್ ಅಂಗಡಿಯವರೂ ಮಾಡಿಕೊಡುತ್ತಾರೆ: 15 ಸೆಂಟಿಮೀಟರ್ ಅಗಲ, 25 ಉದ್ದ, ನೀರಿಗೆ ಬೇಕಾದರೆ ಎದೆಮಟ್ಟದ ಹಿಡಿ. ತೂತು ಹತ್ತು ಮಿಲಿಮೀಟರ್ ಇದ್ದರೆ ಉಂಗುರಕ್ಕೆ ಸಾಕು, ಓಲೆಯ ತಿರುಪು ಮಾತ್ರ ಸೋರಿಹೋಗುತ್ತದೆ. ಓಲೆ ಹುಡುಕುವಾಗ ಗೌಂಡಿಗಳು ಗಿಲಾವಿಗೆ ಉಸುಕು ಸೋಸುವ ಸಣ್ಣ ಕಣ್ಣಿನ ಜರಡಿ ಬಳಸಿ. ಸ್ಕೂಪೂ ಲೋಹವೇ, ಕಾಯಿಲ್ ಆಡಿಸುವಾಗ ಒಂದು ಮೀಟರ್ ಆಚೆ ನಿಲ್ಲಿಸಿ. ಗುಂಡಿ ಮುಚ್ಚಿ, ಸಿಕ್ಕ ಬ್ಲೇಡು ಪಿನ್ನುಗಳನ್ನು ಡಬ್ಬಿಗೆ ಹಾಕಿಕೊಂಡು ಬನ್ನಿ. ಬರಿಗಾಲಲ್ಲಿ ನಡೆಯುವ ಜಾಗ ಅದು.

ಕಾನೂನಿನ ಮಾತು. ಚಿತ್ತಾಪುರ ತಾಲೂಕಿನ ಸನ್ನತಿ, ಕನಗನಹಳ್ಳಿ ಕೂಡ ಭೀಮಾ ತೀರದಲ್ಲೇ ಇವೆ. ಅಶೋಕನ ಕಾಲದ ಶಾಸನ, ಬೌದ್ಧ ಸ್ತೂಪ ಸಿಕ್ಕ ನೆಲ. ಅಂಥ ಸಂರಕ್ಷಿತ ಜಾಗದಲ್ಲಿ, ಬಹಮನಿ ಕೋಟೆ ಗುಮ್ಮಟಗಳ ಸುತ್ತ ಯಂತ್ರ ಹೊರತೆಗೆಯಲೇಬೇಡಿ, 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಅಲ್ಲಿ ಅಗೆಯಲು ಬಿಡುವುದಿಲ್ಲ. ಉಂಗುರ ಹುಡುಕುವಾಗ ಹಳೆಯ ನಾಣ್ಯ, ವಿಗ್ರಹ ಸಿಕ್ಕರೆ ಅಗೆತ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಿ. ರಾಜ್ಯದಲ್ಲಿ 1962ರ ನಿಧಿ ಕಾಯ್ದೆ ಇದೆ. ಈಚಿನ ಒಡವೆ ಸಿಕ್ಕಿದರೆ? ಯಾರದೆಂದು ಗೊತ್ತಿದ್ದೂ, ಅಥವಾ ಪತ್ತೆ ಮಾಡಲು ಸಾಧ್ಯವಿದ್ದೂ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಪ್ರಕಾರ ಅಪರಾಧ. 1872ರ ಕರಾರು ಕಾಯ್ದೆಯ 71ನೇ ಕಲಂ ಸಿಕ್ಕಿದವರ ಮೇಲೆ ಜೋಪಾನದ ಹೊಣೆ ಹೊರಿಸುತ್ತದೆ. ಠಾಣೆಗೆ ಒಪ್ಪಿಸಿ ರಸೀದಿ ಪಡೆಯಿರಿ. ಹುಡುಕಲು ಹೊರಡುವ ಮುಂಚೆಯೂ ಠಾಣೆಗೆ, ಪಂಚಾಯಿತಿಗೆ, ಘಾಟಾದರೆ ದೇವಸ್ಥಾನದವರಿಗೆ ತಿಳಿಸಿ. ಕಳೆದುಕೊಂಡವರ ಚೀಟಿ, ಒಡವೆಯ ಫೋಟೊ, ಸಾಧ್ಯವಾದರೆ ಅವರೇ ಜೊತೆಗಿರಲಿ. ರಾತ್ರಿ ಟಾರ್ಚು ಹಿಡಿದು ನದಿಯಲ್ಲಿ ಅಗೆಯುವವರನ್ನು ನಮ್ಮ ಹಳ್ಳಿಗಳಲ್ಲಿ ಏನೆಂದು ತಿಳಿಯುತ್ತಾರೆಂದು ನಿಮಗೇ ಗೊತ್ತು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇವೆ. ಒಬ್ಬ ತಾಯಿ ಕೇಳಿದರು: "ನೀರಾಗ ಬಿದ್ದ ಬೆಳ್ಳಿ ಕರಗ್ತದೇನ್ರಿ?" ಕರಗುವುದಿಲ್ಲವ್ವ, ಕಪ್ಪಾಗುತ್ತದೆ. ಕಡಲ ನೀರಲ್ಲಿ ಬೇಗ ಕಪ್ಪಾಗಿ ಕಲ್ಲಿನ ಚೂರಿನಂತೆ ಕಾಣುತ್ತದೆ, ಅದಕ್ಕೇ ಸ್ಕೂಪಿನಲ್ಲಿ ಉಳಿದ ಪ್ರತಿ ಕಪ್ಪು ಚೂರನ್ನೂ ಪಿನ್‌ಪಾಯಿಂಟರಿನಿಂದ ಮುಟ್ಟಿ ನೋಡಬೇಕು. ಸಿಕ್ಕ ಮೇಲೆ ಉಜ್ಜಬೇಡಿ, ಸಿಹಿನೀರಲ್ಲಿ ತೊಳೆದು ಅಕ್ಕಸಾಲಿಗರ ಕೈಗೆ ಕೊಡಿ.

ಇನ್ನೊಬ್ಬರು ಹಳೆಯ ಯಂತ್ರ ಕೊಂಡಿದ್ದರು, ಉಸುಕಿಲ್ಲದ ಕಡೆಯೂ ಅದು ಕೂಗುತ್ತದಂತೆ. ಅಂಥಲ್ಲಿ ಮೊದಲು ಕಾಯಿಲಿನ ತಳದ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ನೋಡಬೇಕು. ಒಳಗೆ ಸೇರಿದ ಕಪ್ಪು ಉಸುಕು, ಉಪ್ಪು ನೀರು ಕಾಯಿಲಿನ ಜೊತೆಗೇ ಓಡಾಡುತ್ತ ಸದ್ದು ಕೊಡುತ್ತದೆ. ಸಿಹಿನೀರಲ್ಲಿ ತೊಳೆದು ಒಣಗಿಸಿ ಹಾಕಿ. ಆಮೇಲೆ ಕಾಯಿಲಿನ ಕೇಬಲ್ ಕೋಲಿಗೆ ಬಿಗಿಯಾಗಿ ಸುತ್ತಿದೆಯೇ ನೋಡಿ, ಸಡಿಲ ಕೇಬಲ್ ಅಲುಗಾಡಿದರೂ ಯಂತ್ರ ಕೂಗುತ್ತದೆ. ಕಾಯಿಲನ್ನು ಗಾಳಿಯಲ್ಲಿ ಎತ್ತಿ ಹಿಡಿದು ಮೆಲ್ಲಗೆ ತಟ್ಟಿ. ತಟ್ಟಿದಾಗಲೆಲ್ಲ ಸದ್ದು ಬಂದರೆ ಒಳಗಿನ ಸುರುಳಿ ಸಡಿಲವಾಗಿದೆ, ಕಾಯಿಲ್ ಬದಲಿಸಬೇಕು. ಹಾಗೆಯೇ ಕಾಯಿಲ್ ನೀರಿಗೆ ತಡೆಯುತ್ತದೆಂದು ಮೇಲಿನ ಡಬ್ಬಿಯೂ ತಡೆಯುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ಮಾದರಿಗಳಲ್ಲಿ ತಡೆಯುವುದಿಲ್ಲ. ತಡೆಯುವಂಥವುಗಳಿಗೂ ಮಿತಿ ಇದೆ, ಎಕ್ವಿನಾಕ್ಸ್ 800 ಮೂರು ಮೀಟರ್‌ವರೆಗೆ. ಕಾಯಿಲ್ ಜೊತೆ ಡಬ್ಬಿಯೂ ನೀರೊಳಗೆ ಮುಳುಗಿದರೆ ಬ್ಲೂಟೂತ್ ಹೆಡ್‌ಫೋನಿಗೆ ಸದ್ದು ಬರುವುದಿಲ್ಲ, ನೀರು ಅದನ್ನು ದಾಟಗೊಡದು. ವೈರಿನ, ನೀರಿಗೆ ತಡೆಯುವ ಹೆಡ್‌ಫೋನೇ ಬೇಕು.